ಜೋಳದ ಚೀಲದಷ್ಟು ಗಟ್ಟಿ

ಕಳೆದ ವರ್ಷ ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ, ರೋಣದ ನಮ್ಮ ಹಿಟ್ಟಿನ ಗಿರಣಿಯಲ್ಲಿ, ಅವ್ವ ಕೂತಿದ್ದ ಖುರ್ಚಿಯ ತಳ ಹರಿಯಿತು. ಅವ್ವ ಸೊಂಟದವರೆಗೆ ಖುರ್ಚಿಯ ಚೌಕಟ್ಟಿನೊಳಗೆ ಇಳಿದು ಸಿಕ್ಕಿಕೊಂಡಳು. ನನ್ನ ತಮ್ಮ ಬಲಗಡೆಯಿಂದ, ಜೋಳ ಬೀಸಿಸಲು ಬಂದಿದ್ದ ಅಸೂಟಿಯ ಹೆಣ್ಣುಮಗಳೊಬ್ಬಳು ಎಡಗಡೆಯಿಂದ, ಕಂಕುಳಿಗೆ ಕೈ ಹಾಕಿ ಎತ್ತಿ ಹೊರಗೆ ತೆಗೆದರು. ಪೆಟ್ಟಾಗಲಿಲ್ಲ. ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತಿದ್ದವರೆಲ್ಲ ನೋಡಿದರು.

ನಾನು ಆಗ ಅಲ್ಲಿರಲಿಲ್ಲ. ನರಗುಂದದಲ್ಲಿದ್ದುಕೊಂಡು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ ನನ್ನದು. ರೋಣಕ್ಕೆ ವಾರಕ್ಕೊಮ್ಮೆ ಬರುತ್ತೇನೆ. ಆದ್ದರಿಂದ ಮೇಲೆ ಬರೆದದ್ದು ತಮ್ಮನೂ ಅಸೂಟಿಯ ಅಕ್ಕನೂ ಬೇರೆ ಬೇರೆಯಾಗಿ ಹೇಳಿದ್ದರಲ್ಲಿ ತಾಳೆಯಾದ ಭಾಗ ಮಾತ್ರ. ತಾಳೆಯಾಗದ್ದೂ ಒಂದಿದೆ. ಎತ್ತಿ ನಿಲ್ಲಿಸಿದ ಮೇಲೆ ಅವ್ವ ಬೈಯಲಿಲ್ಲ ಎಂದು ತಮ್ಮ ಹೇಳುತ್ತಾನೆ. ಬೈದಳು, ಆದರೆ ಖುರ್ಚಿಗೆ ಬೈದಳು ಎಂದು ಆ ಅಕ್ಕ ಹೇಳುತ್ತಾಳೆ. ಅವ್ವ ಸೀರೆಗೆ ಅಂಟಿದ ಹಿಟ್ಟು ಕೊಡವಿಕೊಂಡು, ಪಾಳಿಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದಳು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಇನ್ನು ಗಿರಣಿಗೆ ಬರುವುದಿಲ್ಲ ಎಂದು ಹೇಳಿಯೇ ಹೋದಳು.

ಅಪ್ಪ ತೀರಿಕೊಂಡಾಗಿನಿಂದ ಆ ಗಿರಣಿ ನಡೆಸಿದವಳು ಅವ್ವ. ತಮ್ಮ ಯಂತ್ರ ನೋಡಿಕೊಳ್ಳುತ್ತಾನೆ. ಆದರೆ ಕಲ್ಲು ಎಷ್ಟು ಬಿಗಿ ಇರಬೇಕು, ಯಾರ ಗೋಧಿಯ ಹಿಂದೆ ಯಾರ ಜೋಳ ಹೋಗಬೇಕು, ಖಾರ ಕುಟ್ಟುವ ದಿನ ಯಾವುದು ಎನ್ನುವುದೆಲ್ಲ ಅವ್ವನ ತೀರ್ಮಾನ. ಯಂತ್ರದ ಮೂತಿಯಿಂದ ಸುರಿಯುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಕೂತಲ್ಲಿಂದಲೇ ತಮ್ಮನಿಗೆ ಕೈಸನ್ನೆ ಮಾಡುತ್ತಿದ್ದಳು. ಹಿಂದಿನ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಎರಡೂ ಮೊಣಕಾಲಿನ ಆಪರೇಷನ್ ಆಯಿತು. ಡಾಕ್ಟರು ನಡೆಯಲು ಹೇಳಿದರು, ನೆಲದ ಮೇಲೆ ಕೂರಬೇಡಿ ಎಂದರು, ಏಳುವಾಗ ಎರಡೂ ಕೈ ಊರಿ ಏಳಬೇಕು ಎಂದರು. ಯುಗಾದಿ ಹೊತ್ತಿಗೆ ಅವ್ವ ಮತ್ತೆ ಗಿರಣಿಗೆ ಬಂದಿದ್ದಳು. ಬಂದದ್ದೇ ಆ ಖುರ್ಚಿಯ ಭರವಸೆಯ ಮೇಲೆ.

ನರಗುಂದದಲ್ಲಿ ಹತ್ತಿ ವ್ಯಾಪಾರದ ಅಡತಿ ಅಂಗಡಿಯೊಂದು ಮುಚ್ಚಿದಾಗ ಅಪ್ಪ ಆ ಖುರ್ಚಿಯನ್ನು ಕೊಂಡು ಎತ್ತಿನ ಗಾಡಿಯಲ್ಲಿ ತಂದಿದ್ದನಂತೆ. ಸಾಗವಾನಿ ಕಟ್ಟಿಗೆ. ಅಂಗೈ ಪೂರ್ತಿ ಊರುವಷ್ಟು ಅಗಲವಾದ ಕೈಗಳು. ಎಷ್ಟು ಭಾರವೆಂದರೆ, ಅದರ ಮೇಲೆ ಭಾರ ಹಾಕಿ ಎದ್ದರೆ ಅದು ಅಲುಗುವುದಿಲ್ಲ.

ಆ ಶನಿವಾರ ನಾನು ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಸೋಸಿದ ಜೋಳವನ್ನೇ ಮತ್ತೆ ಸೋಸುತ್ತಿದ್ದಳು.

"ಬಿದ್ದದ್ದಕ್ಕ ನಾಚಿಕಿ ಇಲ್ಲ," ಎಂದಳು. "ಎತ್ತಿಸಿಕೊಂಡದ್ದಕ್ಕ ಐತಿ. ಪಾಳಿ ಹಚ್ಚಿದ ಮಂದಿ ಮುಂದ ಚೀಲ ಎತ್ತಿದಂಗ ಎತ್ತಿದರು. ತಾನ ಎದ್ದು ನಿಂದ್ರಾಕ ಬರಲಾರದಾಕಿ ಗಿರಣ್ಯಾಗ ಯಾಕ ಕುಂದ್ರಬೇಕು?"

ತಮ್ಮ ಒಳಗಿನಿಂದ ಕೂಗಿದ. "ಒಂದು ಪ್ಲಾಸ್ಟಿಕ್ ಖುರ್ಚಿ ತರ್ತೀನಿ ಅಂತ ಅವತ್ತಿಂದ ಹೇಳಾಕತ್ತೀನಿ, ಅಕ್ಕಾ. ನೀನರ ಹೇಳು."

"ಅದು ಬ್ಯಾಡೋ ಮಾರಾಯಾ. ನಾ ಎದ್ದರ ಅದೂ ನನ್ನ ಬೆನ್ನಿಗಿ ಹತ್ತಿ ಏಳತೈತಿ. ಅದನ್ನ ಬಿಡಿಸಾಕ ಮತ್ತ ಇಬ್ಬರು ಬೇಕು."

ಅವ್ವನಿಲ್ಲದ ಗಿರಣಿಯಲ್ಲಿ ಏನಾಯಿತು ಎಂಬುದನ್ನು ಬರೆಯಬೇಕು, ಯಾಕೆಂದರೆ ಮುಂದೆ ನಾನು ಮಾಡಿದ ಖುರ್ಚಿ ರಿಪೇರಿ ಹವ್ಯಾಸವಾಗಿ ಸುರುವಾದದ್ದಲ್ಲ. ಒಬ್ಬನೇ ತೂಗಿ, ಸುರಿದು, ಹಣ ಇಸಿದುಕೊಂಡು ತಮ್ಮ ಸೋತ. ಖಾರದ ಪುಡಿಯ ಬೆನ್ನಿಗೇ ಯಾರದೋ ಗೋಧಿ ಹಾಕಿದ. ಆ ಮನೆಯವರು ಚಪಾತಿ ತಿಂದು ಮರುದಿನ ಬಂದು ಮಾತಾಡಿದರು. ಜೋಳದ ಹಿಟ್ಟು ದಪ್ಪಗಾಗಿ ಬಡಿದ ರೊಟ್ಟಿ ಹರಿಯತೊಡಗಿತು. ಎರಡು ಓಣಿ ಆಚೆ ಇನ್ನೊಂದು ಗಿರಣಿ ಇದೆ. ಡಬ್ಬಿಗಳು ಆ ಕಡೆ ನಡೆದವು. ನಮ್ಮ ಕಡೆ ಉಳಿದವರು ಡಬ್ಬಿ ಇಳಿಸುವ ಮೊದಲು ಕೇಳುತ್ತಿದ್ದರು: "ಅವ್ವಾರು ಯಾವಾಗ ಬರ್ತಾರ್ರಿ?"

ಗದಗಿನಲ್ಲಿ ಸೋಫಾ ಹೊಲಿಯುವವರನ್ನು ವಿಚಾರಿಸಿದೆ. ಮದುವೆ ಗಿರಾಕಿಗಳ ಸೋಫಾ ಸೆಟ್ಟುಗಳಿವೆ, ಅವು ಮುಗಿದ ಮೇಲೆ ತನ್ನಿ ಎಂದರು. ಹಳೆಯ ಖುರ್ಚಿ ಒಂದೇ ಒಂದು ಎಂದಾಗ ದನಿಯಲ್ಲಿ ಉತ್ಸಾಹವಿರಲಿಲ್ಲ. ಆಗ, ನಾನೇ ಮಾಡುತ್ತೇನೆ ಎಂದೆ. ತಮ್ಮ ನಕ್ಕ. "ಅಕ್ಕಾ, ಇದು ಸುದ್ದಿ ಅಲ್ಲ. ಮೊಳಿ ಬಡಿಬೇಕು."

ಖುರ್ಚಿಯನ್ನು ಪಡಸಾಲೆಯಲ್ಲಿ ಬೋರಲು ಹಾಕಿ ಬಿಚ್ಚಿದೆ. ಮೇಲೆ ಬಿರುಕು ಬಿಟ್ಟ ರೆಕ್ಸಿನ್. ಅದರ ಕೆಳಗೆ ಇನ್ನೊಂದು ಬಟ್ಟೆ, ಅಡತಿ ಅಂಗಡಿಯ ಕಾಲದ್ದಿರಬೇಕು, ಬಣ್ಣ ಗುರುತು ಸಿಗದಂತಾಗಿತ್ತು. ಆಮೇಲೆ ಉಂಡೆಗಟ್ಟಿದ ಹತ್ತಿ, ಅದರ ಕೆಳಗೆ ತೆಂಗಿನ ನಾರು, ಗೋಣಿ ತಟ್ಟು, ಕೊನೆಗೆ ಚೌಕಟ್ಟಿಗೆ ಮೊಳೆ ಹೊಡೆದಿದ್ದ ಅಗಲ ಪಟ್ಟಿಗಳು. ಎಲ್ಲ ಪಟ್ಟಿಗಳೂ ಹರಿದಿದ್ದವು. ಪದರ ಪದರದ ನಡುವೆ ಹಿಟ್ಟು. ಇಷ್ಟು ವರ್ಷ ಗಿರಣಿಯ ಗಾಳಿಯಲ್ಲಿ ಹಾರಿದ್ದು ಖುರ್ಚಿಯೊಳಗೆ ಇಳಿದು, ಒಣಗಿದ ಎರೆಮಣ್ಣಿನ ಹೆಂಟೆಯಂತೆ ಗಟ್ಟಿಯಾಗಿತ್ತು. ಉಳಿಯಿಂದ ಕೆರೆದು ತೆಗೆದೆ. ಅವ್ವ ಒಂದು ಹೆಂಟೆ ಕೈಗೆ ತೆಗೆದುಕೊಂಡು ಪುಡಿ ಮಾಡಿ, ಬೆರಳಲ್ಲಿ ತಿಕ್ಕಿ, "ಇದು ಗೋಧಿ," ಎಂದಳು. ಇನ್ನೊಂದು ತಿಕ್ಕಿ, "ಇದರಾಗ ಕಡ್ಲಿ ಕೂಡೇತಿ," ಎಂದಳು. ಗಿರಣಿ ಬಿಟ್ಟವಳು ಎಂದು ಆ ಹೊತ್ತು ಅನಿಸಲಿಲ್ಲ.

ಪಟ್ಟಿಗೆ ಬದಲು ನವಾರ ಬೇಕೆಂದು ತೀರ್ಮಾನಿಸಿದೆ. ಮಂಚಕ್ಕೆ ಹೆಣೆಯುವ ಹತ್ತಿಯ ನವಾರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಮಂಚ ಬಿಗಿಯುವ ಕೆಲಸ ಚಿಕ್ಕಂದಿನಿಂದ ನನ್ನದೇ. ಗಜೇಂದ್ರಗಡಕ್ಕೆ ಹೋಗಿ ನವಾರ ತಂದೆ. ಅಲ್ಲೇ ಒಬ್ಬ ಚಾಚಾ ಇದ್ದಾರೆ, ಗಾದಿ ತುಂಬುವವರು, ನಮ್ಮ ಮನೆಯ ಗಾದಿಗಳೆಲ್ಲ ಅವರ ಕೈಯವೇ. ಹತ್ತಿ ಹಿಂಜಿಕೊಡಿ ಎಂದೆ.

"ಎದಕ್ಕವಾ? ಗಾದಿಗೋ, ದಿಂಬಿಗೋ?"

"ಖುರ್ಚಿಗಿ, ಚಾಚಾ. ಅವ್ವಗ ಕುಂದ್ರಾಕ. ಛಂದಂಗ ಮೆತ್ತಗ ಆಗಬೇಕು ನೋಡ್ರಿ."

"ಖುರ್ಚಿಗಿ ನಾ ಎಂದೂ ತುಂಬಿಲ್ಲ ಬೇಟಾ. ಮೆತ್ತಗ ಅಂದ್ರ ಮೆತ್ತಗ ಮಾಡಿ ಕೊಡ್ತೀನಿ. ಅದರ ಮ್ಯಾಲ ಮೊಲ ಕುಂತರೂ ಮುಳುಗಬೇಕು, ಹಂಗ."

ನಾನು ಸಂತೋಷದಿಂದ ತಂದೆ. ಮಂಚಕ್ಕೆ ಹೆಣೆದಂತೆಯೇ ನವಾರ ಹೆಣೆದೆ, ಅಡ್ಡ ಉದ್ದ, ಒಂದರ ಮೇಲೊಂದು, ಒಂದರ ಕೆಳಗೊಂದು. ಹತ್ತಿ ತುಂಬಿದೆ. ಮೇಲೆ ಹೊಸ ರೆಕ್ಸಿನ್ ಎಳೆದು ಮೊಳೆ ಹೊಡೆದೆ. ಖುರ್ಚಿ ಉಬ್ಬಿದ ಪೂರಿಯ ಹಾಗಿತ್ತು. ಫೋಟೋ ತೆಗೆದು ನರಗುಂದದ ಗೆಳತಿಯರಿಗೆ ಕಳಿಸಿದೆ. ಅವರು ಹೊಗಳಿದರು. ತಮ್ಮನೂ ಎರಡು ಸುತ್ತು ಹಾಕಿ ನೋಡಿ, "ಅಡ್ಡಿ ಇಲ್ಲ," ಎಂದ.

ಅವ್ವ ಕೂತಳು. ಕೂತಳು ಎನ್ನುವುದಕ್ಕಿಂತ ಇಳಿದಳು. ಹತ್ತಿ ಕುಸಿಯಿತು, ನವಾರ ಜೋತುಬಿತ್ತು, ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದವು. ಖುರ್ಚಿಯ ಕೈಗಳು ಭುಜದ ಮಟ್ಟಕ್ಕೆ ಹೋದವು. ಅಂಗೈ ಊರಿ ಏಳಲು ನೋಡಿದಳು; ಆಗಲಿಲ್ಲ. ಮತ್ತೊಮ್ಮೆ ನೋಡಿದಳು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ."

ನಿಧಾನವಾಗಿ ಮುಂದಕ್ಕೆ ಜಾರಿ, ಪಕ್ಕದ ಕಂಬ ಹಿಡಿದು, ಅದನ್ನೇ ಏಣಿ ಹತ್ತಿದಂತೆ ಕೈ ಮೇಲೆ ಕೈ ಇಟ್ಟು ಹತ್ತಿ ನಿಂತಳು. ಹೊತ್ತು ಹಿಡಿಯಿತು. ನಾವಿಬ್ಬರೂ ನೋಡುತ್ತ ನಿಂತಿದ್ದೆವು. ನಿಂತ ಮೇಲೆ ಸೆರಗು ಸರಿಮಾಡಿಕೊಂಡು ಖುರ್ಚಿಯನ್ನು ನೋಡಿದಳು.

"ಚಲೋ ಆಗೇತಿ," ಎಂದಳು. "ಮಲಗಾಕ."

ತಪ್ಪು ಎಲ್ಲಿ ಆಗಿತ್ತು ಎಂದು ಅವತ್ತು ಸಂಜೆಯೇ ತಿಳಿಯಿತು, ಖುರ್ಚಿಯಿಂದಲ್ಲ, ಮಂಚದಿಂದ. ಮಂಚದ ನವಾರವನ್ನು ಹೆಣೆಯುವಾಗ ಯಾರೂ ಪೂರ್ತಿ ಬಿಗಿಯುವುದಿಲ್ಲ. ಸ್ವಲ್ಪ ಸಡಿಲು ಬಿಟ್ಟು ಹೆಣೆದು, ಕೊನೆಯಲ್ಲಿ ಕಾಲಿನ ಕಡೆಯ ಹಗ್ಗ ಜಗ್ಗಿ ಬಿಗಿ ಮಾಡುತ್ತೇವೆ. ಜೋತುಬಿದ್ದರೆ ಮತ್ತೆ ಜಗ್ಗುತ್ತೇವೆ. ಕೈಗೆ ರೂಢಿಯಾದ ಆ ಸಡಿಲನ್ನೇ ನಾನು ಖುರ್ಚಿಗೂ ಬಿಟ್ಟಿದ್ದೆ. ಖುರ್ಚಿಗೆ ಜಗ್ಗುವ ಹಗ್ಗವಿಲ್ಲ. ಮೊಳೆ ಹೊಡೆದಾಗ ಎಷ್ಟು ಬಿಗಿಯೋ ಅಷ್ಟೇ ಕೊನೆ, ಆಮೇಲೆ ಸಡಿಲಾಗುವುದೊಂದೇ ದಾರಿ. ಮಂಚ ಹೆಣೆಯಲು ಬಾರದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಇನ್ನೊಂದು ತಪ್ಪು ಮೆತ್ತಗೆ ಎಂಬ ಮಾತಿನದು. ಮೆತ್ತಗಿದ್ದರೆ ಅವ್ವನಿಗೆ ಸುಖ ಎಂದುಕೊಂಡಿದ್ದೆ. ಕೂರುವ ಸುಖ ಅವಳು ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಏಳುವುದು.

ಹಾಗಾದರೆ ಎಷ್ಟು ಗಟ್ಟಿ ಇರಬೇಕು? ಅದನ್ನು ಅವಳನ್ನೇ ಕೇಳಿದೆ. "ನನಗೇನು ಗೊತ್ತು, ನೀ ಮಾಡಾಕತ್ತೀದಿ," ಎಂದಳು. ಕೇಳಿ ಸಿಗದ ಉತ್ತರವನ್ನು ನೋಡಿ ಹುಡುಕುವುದು ನನ್ನ ಕೆಲಸದ ಅಭ್ಯಾಸ. ರಜೆ ಹಾಕಿ ಮನೆಯಲ್ಲೇ ಉಳಿದು, ಅವ್ವ ಎಲ್ಲಿ ಕೂರುತ್ತಾಳೆ, ಎಲ್ಲಿಂದ ಹೇಗೆ ಏಳುತ್ತಾಳೆ ಎಂದು ನೋಡಿದೆ. ಬಾಗಿಲ ಕಟ್ಟೆಯಿಂದ ಗೋಡೆ ಹಿಡಿದು ಏಳುತ್ತಿದ್ದಳು. ಮಂಚದಿಂದ ಏಳುವಾಗ ಒಂದು ಸಲ ಹಿಂದಕ್ಕೆ ತೂಗಿ ಆಮೇಲೆ ಏಳುತ್ತಿದ್ದಳು. ಊಟದ ಸ್ಟೂಲಿನಿಂದ ಏಳುವಾಗ ಹಲ್ಲು ಕಚ್ಚುತ್ತಿದ್ದಳು.

ಪಡಸಾಲೆಯ ಮೂಲೆಯಲ್ಲಿ, ಅಬ್ಬಿಗೇರಿಯಿಂದ ಬಂದ ಜೋಳದ ಚೀಲ ಒಂದರ ಮೇಲೊಂದು ಮಲಗಿಸಿ ಇಟ್ಟಿದ್ದೆವು. ಫೋನು ಬಂದಾಗ ಅವ್ವ ಅಲ್ಲಿಗೆ ಹೋಗಿ ಚೀಲದ ಮೇಲೆ ಕೂತು ಮಾತಾಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದದ್ದೇ, ಫೋನು ಕಿವಿಯಲ್ಲಿ ಇರುವಂತೆಯೇ, ಒಂದು ಕೈ ಚೀಲದ ಮೇಲೆ ಊರಿ ಎದ್ದು ಹೋದಳು. ಹಲ್ಲು ಕಚ್ಚಲಿಲ್ಲ, ತೂಗಲಿಲ್ಲ. ಎದ್ದದ್ದು ಅವಳ ಗಮನಕ್ಕೂ ಬಂದಿರಲಿಲ್ಲ.

ನಾನು ಹೋಗಿ ಅದೇ ಚೀಲದ ಮೇಲೆ ಕೂತೆ. ಕಾಳು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತದೆ, ಆಮೇಲೆ ನಿಲ್ಲುತ್ತದೆ. ಕಲ್ಲಿನಂತಲ್ಲ, ಹತ್ತಿಯಂತೂ ಅಲ್ಲ. ನೆಲದಿಂದ ಆ ಚೀಲದ ಎತ್ತರವನ್ನು ಅವ್ವನ ಗೇಣಿನಲ್ಲೇ ಅಳೆಯಿಸಿ ದಾರಕ್ಕೆ ಗಂಟು ಹಾಕಿಕೊಂಡೆ.

"ಖುರ್ಚಿ ಜ್ವಾಳದ ಚೀಲದಂಗ ಆಗಬೇಕು," ಎಂದೆ.

"ಜ್ವಾಳ ತುಂಬತೀ ಏನವಾ?" ಅವ್ವ ಕೇಳಿದಳು. "ನುಸಿ ಬೀಳತಾವು. ಇಲಿ ಬರ್ತಾವು."

"ಬರಲಿ ಬಿಡು," ಎಂದ ತಮ್ಮ. "ವರ್ಷಕ್ಕೊಮ್ಮೆ ಖುರ್ಚಿನ ಬೀಸಿಸಿಕೊಂಡು ಬಂದರಾತು. ನಮ್ಮ ಗಿರಣ್ಯಾಗ ಪಾಳಿ ಇಲ್ಲ ಈಗ."

ಆ ಮಾತಿಗೆ ಅವ್ವ ನಗಲಿಲ್ಲ.

ಎಲ್ಲ ಬಿಚ್ಚಿ ಮತ್ತೆ ಸುರುಮಾಡಿದೆ. ಈ ಸಲ ನವಾರದ ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯನ್ನು ಚಪಾತಿ ಲಟ್ಟಣಿಗೆಗೆ ಸುತ್ತಿ, ಲಟ್ಟಣಿಗೆಯನ್ನು ಚೌಕಟ್ಟಿನ ಅಂಚಿಗೆ ಆನಿಸಿ ಕೆಳಕ್ಕೆ ಒತ್ತಿದೆ. ನವಾರ ಬೆರಳಿನಿಂದ ಹೊಡೆದರೆ ಹಲಗಿ ಬಾರಿಸಿದಂತೆ ಸದ್ದು ಮಾಡುವವರೆಗೆ ಒತ್ತಿ ಹಿಡಿಯುತ್ತಿದ್ದೆ; ತಮ್ಮ ಮೊಳೆ ಹೊಡೆಯುತ್ತಿದ್ದ. ಚಪ್ಪಲಿ ಹೊಲಿಯುವವರು ಬಳಸುವ ಸಣ್ಣ ಮೊಳೆ ತಂದಿದ್ದೆ, ಸಾಗವಾನಿ ಸೀಳದಿರಲಿ ಎಂದು. ಅಂಗೈಯಲ್ಲಿ ಗುಳ್ಳೆ ಬಂದವು. ಒಂದು ಲಟ್ಟಣಿಗೆ ಮುರಿಯಿತು.

ಗಜೇಂದ್ರಗಡದ ಚಾಚಾ ಬಳಿ ಮತ್ತೆ ಹೋದೆ. ನಡೆದದ್ದು ಹೇಳಿದೆ.

"ಮುಳುಗಿದರೇನು?" ಎಂದು ಅವರು ಸಂಭ್ರಮದಿಂದಲೇ ಕೇಳಿದರು.

"ಪೂರಾ ಮುಳುಗಿದರ್ರಿ."

"ನಾ ಹೇಳಿದ್ದೆ ಇಲ್ಲೋ! ನನ್ನ ಹತ್ತಿ ಸುಳ್ಳ ಹೇಳಂಗಿಲ್ಲ."

ಅವರ ಹತ್ತಿರ ಹಳೆಯ ನಾರಿನ ಗಾದಿಯೊಂದು ಬಿದ್ದಿತ್ತು. ಅದರಿಂದ ಖುರ್ಚಿಯ ಅಳತೆಯ ಎರಡು ತುಂಡು ಕೊಯ್ಸಿಕೊಂಡೆ. ಗೋಣಿ ತಟ್ಟು, ಅದರ ಮೇಲೆ ನಾರಿನ ಎರಡು ಪದರ, ಅದರ ಮೇಲೆ ಒಂದು ಬೆರಳು ದಪ್ಪ ಹತ್ತಿ. ಕೂತು ನೋಡಿದೆ, ಎದ್ದೆ, ಚೀಲದ ಮೇಲೆ ಕೂತೆ, ಮತ್ತೆ ಖುರ್ಚಿಗೆ ಬಂದೆ. ನಾರು ಕಡಿಮೆ ಅನಿಸಿತು. ಮುಂದಿನ ಅಂಚಿಗೆ ಇನ್ನೊಂದು ಪಟ್ಟಿ ಸೇರಿಸಿದೆ, ತೊಡೆ ಜಾರದಿರಲಿ ಎಂದು. ದಾರದ ಗಂಟಿಗೆ ಎತ್ತರ ಸರಿಹೋಯಿತು.

ಹೊದಿಕೆಯ ಮಾತು ಉಳಿದಿತ್ತು. ರೆಕ್ಸಿನ್ ಜಾರುತ್ತದೆ ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. ಜಾರದ, ದಪ್ಪನೆಯ, ಬಡಿದರೆ ಹಿಟ್ಟು ಉದುರುವ ಬಟ್ಟೆ ಎಂದು ಯೋಚಿಸಿದಾಗ ನೆನಪಾದದ್ದು ಅಟ್ಟದ ಮೇಲಿನ ಜಮಖಾನೆ. ಕೆಂಪು ನೀಲಿ ಪಟ್ಟೆಯದು, ಒಂದು ಮೂಲೆ ಇಲಿ ತಿಂದಿತ್ತು. ಬೀಗರು ಬಂದಾಗ ಹಾಸುತ್ತಿದ್ದದ್ದು.

"ಅದನ್ನ ಕತ್ತರಿಸತೀ?" ಅವ್ವ ಕೇಳಿದಳು. "ನಿನ್ನ ನೋಡಾಕ ಬಂದವರೆಲ್ಲ ಅದರ ಮ್ಯಾಲ ಕುಂತು ಅವಲಕ್ಕಿ ತಿಂದು ಹೋಗ್ಯಾರ."

"ಅದಕ್ಕ ಕತ್ತರಿಸಾಕತ್ತೀನಿ."

ಈಗ ನಕ್ಕಳು. ಕತ್ತರಿಯನ್ನು ತಾನೇ ತಂದುಕೊಟ್ಟಳು.

ಪಟ್ಟೆಗಳು ನೇರ ಬರುವಂತೆ ಎಳೆಯುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ. ಒಂದು ಮೂಲೆ ಬಿಗಿದರೆ ಇನ್ನೊಂದು ಮೂಲೆಯಲ್ಲಿ ಪಟ್ಟೆ ಸೊಟ್ಟಗಾಗುತ್ತಿತ್ತು. ಕಿತ್ತೆ, ಮತ್ತೆ ಹೊಡೆದೆ. ಮೊದಲು ನಾಲ್ಕೂ ಬದಿಯ ನಡುವೆ ಒಂದೊಂದು ಮೊಳೆ, ಆಮೇಲೆ ನಡುವಿನಿಂದ ಮೂಲೆಯ ಕಡೆಗೆ ಎಂದು ಗೊತ್ತಾದದ್ದು ಹಾಗೆ ಕೀಳುತ್ತ ಹೊಡೆಯುತ್ತಲೇ. ಅಂಚಿಗೆ ತಲೆ ದುಂಡಗಿರುವ ಹಿತ್ತಾಳೆ ಮೊಳೆ ಸಾಲಾಗಿ ಕೂರಿಸಿದೆ. ಖುರ್ಚಿಯ ಎಡಗೈ ಹತ್ತಿರ ಒಂದು ಕಡೆ ಸಾಲು ತುಸು ತಪ್ಪಿದೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಈ ಖುರ್ಚಿಯ ಬಗ್ಗೆ ನನಗೆ ಹೆಮ್ಮೆ ಇದೆ. ನಾನು ಬರೆದ ಸುದ್ದಿಗಳು ಮರುದಿನಕ್ಕೆ ಹಳತಾಗುತ್ತವೆ. ಕಟ್ಟಿಗೆ, ನಾರು, ನವಾರದಲ್ಲಿ ನಾನು ಮಾಡಿದ ಮೊದಲ ವಸ್ತು ಇದು, ಮತ್ತು ಇದು ನಿಂತಿದೆ.

ಅವ್ವ ಮನೆಯಲ್ಲೇ ಕೂತು ನೋಡಿದಳು. ನಾವಿಬ್ಬರೂ ಇರುವಾಗ ಅಲ್ಲ. ನಾನು ಹಿತ್ತಲಿಗೆ ಹೋದಾಗ. ಮರಳಿ ಬಂದಾಗ ಖುರ್ಚಿಯ ಪಕ್ಕ ನಿಂತಿದ್ದಳು. "ಸಂತಿ ದಿನ ಗಿರಣಿಗಿ ಒಯ್ಯಿರಿ," ಎಂದಳು.

"ಸಂತಿ ದಿನ ಗದ್ದಲ ಇರತೈತಿ, ಅವ್ವಾ," ಎಂದ ತಮ್ಮ. "ಖಾಲಿ ಇದ್ದಾಗ ಬಾ."

"ಎತ್ತಿದ್ದು ನೋಡಿದವರು ಎದ್ದದ್ದೂ ನೋಡಲಿ."

ಸಂತೆಯ ದಿನ ಖುರ್ಚಿಯನ್ನು ತಮ್ಮನೂ ನಾನೂ ಹೊತ್ತು ಒಯ್ದು ತಕ್ಕಡಿಯ ಪಕ್ಕದ ಅದರ ಜಾಗದಲ್ಲಿ ಇಟ್ಟೆವು. ಅವ್ವ ಹಿಂದಿನಿಂದ ನಡೆದು ಬಂದಳು. ಡಬ್ಬಿ ಹಿಡಿದವರು ಜಾಗ ಬಿಟ್ಟರು. ಕೂತಳು. ಖುರ್ಚಿ ಸ್ವಲ್ಪ ಇಳಿದು ನಿಂತಿತು. ತಕ್ಕಡಿ ಒರೆಸಿಸಿದಳು. ಹಿಟ್ಟು ತಿಕ್ಕಿ ನೋಡಿ ಕಲ್ಲು ಬಿಗಿ ಮಾಡಲು ಸನ್ನೆ ಮಾಡಿದಳು. ಎರಡು ಡಬ್ಬಿ ಗೋಧಿ ಹೋಯಿತು, ಒಂದು ಡಬ್ಬಿ ಕಡಲೆ ಹೋಯಿತು. ಏಳಲಿಲ್ಲ. ನಾನು ಬಾಗಿಲ ಬಳಿ ನಿಂತು ನವಾರದ ಒಂದೊಂದು ಮೊಳೆಯನ್ನೂ ಮನಸ್ಸಿನಲ್ಲಿ ಮುಟ್ಟಿ ನೋಡುತ್ತಿದ್ದೆ.

ಅಸೂಟಿಯ ಅಕ್ಕ ಬಂದಳು. ತಲೆಯ ಮೇಲಿನ ಡಬ್ಬಿ ಇಳಿಸಿ, ಅವ್ವನನ್ನು ನೋಡಿ ನಕ್ಕಳು. "ಬಂದ್ರೇನ್ರಿ ಕಾಕಿ! ಭಾಳ ಚಲೋ ಆತು. ನೀವಿಲ್ದ ನಮ್ಮ ರೊಟ್ಟಿ ಎಲ್ಲಾ ಚೂರಚೂರ ಆಗ್ಯಾವು."

ತಕ್ಕಡಿಯ ಸರಪಳಿ ಆಚೆ ಬದಿಯಲ್ಲಿ ಸಿಕ್ಕಿಕೊಂಡಿತ್ತು. ಅವ್ವ ಅದನ್ನು ಬಿಡಿಸಲು ಮುಂದಕ್ಕೆ ಬಾಗಿದಳು. ಏಳುತ್ತಾಳೆಂದು ತಿಳಿದು ಅಕ್ಕ ಎರಡೂ ಕೈ ಮುಂದೆ ಮಾಡಿದಳು.

"ತಡೀರಿ ಕಾಕಿ, ಹಿಡೀತೀನಿ."

"ನನ್ನ ಬ್ಯಾಡ," ಎಂದಳು ಅವ್ವ. "ನಿನ್ನ ಡಬ್ಬಿ ಹಿಡಕೋ."

ಎರಡೂ ಅಂಗೈ ಖುರ್ಚಿಯ ಕೈಗಳ ಮೇಲೆ ಊರಿದಳು. ಎದ್ದಳು. ಎದ್ದು ತಕ್ಕಡಿಯ ಸರಪಳಿ ಬಿಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತಳು. ಪಾಳಿಯಲ್ಲಿದ್ದವರೆಲ್ಲ ನೋಡಿದರು. ಅಕ್ಕ ಬಗ್ಗಿ ಖುರ್ಚಿಯ ತಳ ನೋಡಿದಳು. "ಯಾರ ಮಾಡ್ಯಾರ್ರಿ ಇದನ್ನ?"

"ನನ್ನ ಮಗಳು," ಎಂದಳು ಅವ್ವ, ಯಂತ್ರದ ಸದ್ದನ್ನು ಮೀರಿ ಕೇಳಿಸುವಷ್ಟು ಗಟ್ಟಿಯಾಗಿ. "ಪೇಪರಿನ್ಯಾಗ ಬರೆಯೋಕಿ."

ಆ ದಿನ ಅವ್ವ ಕಾರಣವಿದ್ದೂ ಇಲ್ಲದೆಯೂ ಅನೇಕ ಸಲ ಎದ್ದಳು ಎಂದು ತಮ್ಮ ಹೇಳುತ್ತಾನೆ. ಅವ್ವ ಅದನ್ನು ಒಪ್ಪುವುದಿಲ್ಲ.

ಜಮಖಾನೆ ಈಗ ಹಿಟ್ಟಿನಿಂದ ಬೆಳ್ಳಗಾಗಿದೆ. ಗಿರಣಿ ಮುಚ್ಚುವ ಮೊದಲು ತಮ್ಮ ಅದನ್ನು ಕೋಲಿನಿಂದ ಬಡಿಯುತ್ತಾನೆ. ಬಲಗಡೆಯ ಒಂದು ಹಿತ್ತಾಳೆ ಮೊಳೆ ಬಿದ್ದುಹೋಗಿತ್ತು, ಹೊಸದು ಹೊಡೆದಿದ್ದೇನೆ. ನವಾರ ಜೋತುಬಿದ್ದಿಲ್ಲ.

ಇವತ್ತು ಮುಂಜಾನೆ ತ್ರೀ ಫೇಸ್ ಕರೆಂಟು ಬಂದಾಗ ತಮ್ಮ ಇನ್ನೂ ಬಂದಿರಲಿಲ್ಲ. ಅವ್ವ ಖುರ್ಚಿಯಿಂದ ಎದ್ದು, ಗೋಡೆಯ ಕಡೆಗೆ ಹೋಗಿ, ಗಿರಣಿಯ ಸ್ವಿಚ್ ಹಾಕಿದಳು. ಮೊದಲು ಬೀಸಿದ್ದು ಅಸೂಟಿಯವರ ಜೋಳ.